ಚಿಕ್ಕಮಗಳೂರಿಗೆ ಬೇಕಿರುವುದು ಎರಡು ಮಕ್ಕಳ ಕಾನೂನಲ್ಲ

ಮಾನ್ಯರೇ,

ಎರಡಕ್ಕಿಂತ ಹೆಚ್ಚು ಮಕ್ಕಳಿರುವವರಿಗೆ ಪಡಿತರ, ಸರ್ಕಾರಿ ಸವಲತ್ತು ನಿಲ್ಲಿಸುವ ಕಾನೂನು ತರಬೇಕೆಂದು ಓದುಗರೊಬ್ಬರು ಮೊನ್ನೆ ಈ ಅಂಕಣದಲ್ಲಿ ಬರೆದಿದ್ದರು. ಬರೆದವರು ನಮ್ಮ ಜಿಲ್ಲೆಯವರೇ ಎಂದು ನೋಡಿದ ಮೇಲೆ ನನಗೆ ಸುಮ್ಮನಿರಲಾಗಲಿಲ್ಲ. ನಾನು ಮೂಡಿಗೆರೆ ತಾಲ್ಲೂಕಿನ ಉಪಕೇಂದ್ರಗಳಲ್ಲಿ ಆರೋಗ್ಯ ಸಹಾಯಕಿಯಾಗಿ ದುಡಿದು ನಿವೃತ್ತಳಾದವಳು. ಅರ್ಹ ದಂಪತಿಗಳ (ಹೆರುವ ವಯಸ್ಸಿನ ಗಂಡ–ಹೆಂಡಿರ) ರಿಜಿಸ್ಟರ್ ಬಗಲಲ್ಲಿಟ್ಟುಕೊಂಡು ಕಾಫಿ ತೋಟದ ಲೈನ್ ಮನೆಗಳ, ಅಂದರೆ ಕೂಲಿಯವರ ಸಾಲು ಮನೆಗಳ, ಬಾಗಿಲು ತಟ್ಟುವುದೇ ನನ್ನ ಕೆಲಸವಾಗಿತ್ತು.

ಮೊದಲು ಲೆಕ್ಕ ನೋಡೋಣ. 2001ರ ಜನಗಣತಿಯಲ್ಲಿ ಚಿಕ್ಕಮಗಳೂರು ಜಿಲ್ಲೆಯ ಜನಸಂಖ್ಯೆ 11,40,905. 2011ರಲ್ಲಿ 11,37,961. ಅದೇ ಹತ್ತು ವರ್ಷದಲ್ಲಿ ಇಡೀ ರಾಜ್ಯದ ಜನಸಂಖ್ಯೆ ಶೇ 15ಕ್ಕೂ ಹೆಚ್ಚು ಏರಿತು, ನಮ್ಮದು ಇಳಿಯಿತು. ಪಕ್ಕದ ಹಾಸನವೂ ಶೇ 3ರಷ್ಟು ಮಾತ್ರ ಬೆಳೆಯಿತು. ಕಾಫಿ ಬೆಲೆ ನೆಲಕಚ್ಚಿದ ಆ ವರ್ಷಗಳಲ್ಲಿ ತೋಟ ಬಿಟ್ಟು ಹೋದವರನ್ನು ನಾನು ಕಂಡಿದ್ದೇನೆ. 2005ರ ಕೊನೆಗೆ ಕುದುರೆಮುಖದ ಗಣಿ ನಿಂತು ಆ ಟೌನ್‌ಶಿಪ್ಪೇ ಖಾಲಿಯಾಯಿತು. ಓದಿದ ಹುಡುಗರು ಬೆಂಗಳೂರು ಬಸ್ಸು ಹತ್ತಿದರು. ಇದೆಲ್ಲದರ ಕೆಳಗೆ ಇನ್ನೊಂದು ಕಾರಣವಿತ್ತು: ಹೆರಿಗೆಗಳೇ ಕಡಿಮೆಯಾಗುತ್ತಿದ್ದವು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ಒಬ್ಬ ಹೆಣ್ಣಿಗೆ ಸರಾಸರಿ 1.7 ಮಕ್ಕಳು. ಜನಸಂಖ್ಯೆ ಇದ್ದಷ್ಟೇ ಉಳಿಯಲು 2.1 ಬೇಕು.

ದೇಶದ ಜನಸಂಖ್ಯೆ ಏರುತ್ತಲೇ ಇದೆಯಲ್ಲ ಎನ್ನಬಹುದು. ನಿಜ, 2023ರಲ್ಲಿ ಚೀನಾವನ್ನೂ ದಾಟಿದೆವು. ಹಿಂದೆ ಹೆಚ್ಚು ಸಂಖ್ಯೆಯಲ್ಲಿ ಹುಟ್ಟಿದವರು ಈಗ ಸಂಸಾರ ಕಟ್ಟುವ ವಯಸ್ಸಿನಲ್ಲಿದ್ದಾರೆ. ಅವರು ತಲಾ ಎರಡೇ ಹೆತ್ತರೂ ಇನ್ನು ಕೆಲವು ದಶಕ ಒಟ್ಟು ಸಂಖ್ಯೆ ಏರಿಯೇ ಏರುತ್ತದೆ. ಅದನ್ನು ಯಾವ ಕಾನೂನೂ ತಡೆಯಲಾರದು.

ಹೆರಿಗೆ ಕಡಿಮೆಯಾದದ್ದು ಹೇಗೆ ಎಂಬುದನ್ನು ನಾನು ಕಣ್ಣಾರೆ ಕಂಡಿದ್ದೇನೆ, ಅದನ್ನು ಹೇಳಲೇಬೇಕು. ನಾನು ಕೆಲಸಕ್ಕೆ ಸೇರಿದ ಕಾಲದಲ್ಲಿ ನಮಗೆ ಟಾರ್ಗೆಟ್ ಇತ್ತು. ಇಷ್ಟು ಸಂತಾನಹರಣ ಆಪರೇಷನ್, ಇಷ್ಟು ವಂಕಿ (ಗರ್ಭ ನಿಲ್ಲದಂತೆ ಒಳಗೆ ಹಾಕುವ ಸಾಧನ) ಎಂದು ಪ್ರತಿ ತಿಂಗಳ ಸಭೆಯಲ್ಲಿ ನಿಲ್ಲಿಸಿ ಕೇಳುತ್ತಿದ್ದರು. ಗೋಡೆ ಗೋಡೆಯ ಮೇಲೂ ಕುಟುಂಬ ಯೋಜನೆಯ ಕೆಂಪು ತ್ರಿಕೋನ, ‘ಆರತಿಗೊಬ್ಬಳು ಮಗಳು, ಕೀರ್ತಿಗೊಬ್ಬ ಮಗ’. ನಾನು ಬರುವುದು ಕಂಡರೆ ಹೆಂಗಸರು ಕಾಫಿ ಗಿಡಗಳ ಸಾಲಿಗೆ ಇಳಿದುಬಿಡುತ್ತಿದ್ದರು. ಒಬ್ಬಾಕೆ ಮಾತ್ರ ನಿಂತು ಹೇಳಿದ್ದಳು: “ಸಿಸ್ಟರಮ್ಮ, ಎರಡು ಹೋಗ್ಯಾವೆ. ಇರೋ ಎರಡು ಉಳೀತಾವೋ ಇಲ್ವೋ ಅಂತ ನೀವು ಬರ್ಕೊಡ್ತೀರಾ? ಬರ್ಕೊಟ್ರೆ ನಾಳೇನೇ ಆಪರೇಷನ್‌ಗೆ ಬರ್ತೀನಿ.” ನನ್ನಿಂದ ಉತ್ತರ ಬರಲಿಲ್ಲ.

ಆ ಉತ್ತರ ಕೊಟ್ಟದ್ದು ಲಸಿಕೆ. 1985ರಲ್ಲಿ ಸಾರ್ವತ್ರಿಕ ಲಸಿಕಾ ಕಾರ್ಯಕ್ರಮ ಶುರುವಾಯಿತು. ದಡಾರ, ನಾಯಿಕೆಮ್ಮು, ಧನುರ್ವಾಯುವಿನಿಂದ ಸಾಯುತ್ತಿದ್ದ ಮಕ್ಕಳು ಉಳಿಯತೊಡಗಿದವು. ಭೇದಿಗೆ ಓಆರ್‌ಎಸ್ ಪೊಟ್ಟಣ ಬಂತು, ಹೆರಿಗೆ ಆಸ್ಪತ್ರೆಗೆ ಹೋಯಿತು. 1971ರಲ್ಲಿ ದೇಶದಲ್ಲಿ ಹುಟ್ಟಿದ ಸಾವಿರ ಮಕ್ಕಳಲ್ಲಿ 129 ಮಕ್ಕಳು ವರ್ಷ ತುಂಬುವ ಮೊದಲೇ ತೀರಿಕೊಳ್ಳುತ್ತಿದ್ದವು. 2020ಕ್ಕೆ ಅದು 28, ಕರ್ನಾಟಕದಲ್ಲಿ 19. ಹೆತ್ತದ್ದು ಉಳಿಯುತ್ತದೆ ಎಂಬ ಧೈರ್ಯ ಬಂದ ಮೇಲೆ ಅದೇ ಲೈನ್‌ಗಳ ಹೆಂಗಸರು ತಾವಾಗಿಯೇ ಕ್ಯಾಂಪ್ ಯಾವಾಗ ಎಂದು ಕೇಳಿಕೊಂಡು ಬಂದರು. ಅವರ ಹೆಣ್ಣುಮಕ್ಕಳು ಹಾಸ್ಟೆಲಿನಲ್ಲಿದ್ದು ಪಿಯುಸಿ ಮುಗಿಸಿದರು, ಮದುವೆ ನಾಲ್ಕಾರು ವರ್ಷ ಮುಂದೆ ಹೋಯಿತು. ಮಗು ಎಂದರೆ ದನ ಕಾಯುವ, ಕಳೆ ಕೀಳುವ ಎರಡು ಕೈ ಎಂಬ ಕಾಲ ಹೋಗಿ ಫೀಸು, ಯೂನಿಫಾರ್ಮು, ಟ್ಯೂಷನ್ನು ಎಂಬ ಕಾಲ ಬಂತು. 1996ರಲ್ಲಿ ಸರ್ಕಾರ ಟಾರ್ಗೆಟ್ ಪದ್ಧತಿಯನ್ನೇ ಕೈಬಿಟ್ಟಿತು. ಆಮೇಲೂ ಹೆರಿಗೆ ಇಳಿಯುತ್ತಲೇ ಹೋಯಿತು. ಇಷ್ಟಾಗಿಯೂ ಆಪರೇಷನ್ ಟೇಬಲ್ ಹತ್ತಿದವರು ಬಹುತೇಕ ಹೆಂಗಸರೇ. ಗಂಡಸರಿಗೆ ಅದಕ್ಕಿಂತ ಸಣ್ಣ ಶಸ್ತ್ರಚಿಕಿತ್ಸೆ ಇದೆ ಎಂದು ಹೇಳಿ ಹೇಳಿ ನನ್ನ ಗಂಟಲು ಒಣಗಿತು. ಶಿಕ್ಷೆಯ ಕಾನೂನು ಬಂದರೆ ಅದರ ಪೆಟ್ಟೂ ಮೊದಲು ಹೆಂಗಸಿನ ಮೇಲೇ ಬೀಳುತ್ತದೆ.

ಜನ ಕಡಿಮೆಯಾಗುವ ಸಂಕಟ ಮಲೆನಾಡಿಗೆ ಹೊಸದಲ್ಲ. ನಮ್ಮ ಜಿಲ್ಲೆ ಕಡೂರು ಜಿಲ್ಲೆ ಎನಿಸಿಕೊಂಡಿದ್ದ ಕಾಲದಲ್ಲಿ ಮಲೇರಿಯಾ ಮನೆಗೆ ಮನೆಯನ್ನೇ ಬರಿದು ಮಾಡುತ್ತಿತ್ತು. ಚಳಿಜ್ವರಕ್ಕೆ ಹಾಳು ಬಿದ್ದ ಮನೆಗಳ ಕಥೆಯನ್ನು ನಮ್ಮಜ್ಜಿ ಹೇಳುತ್ತಿದ್ದರು. 1950ರ ದಶಕದಲ್ಲಿ ಡಿಡಿಟಿ ಸಿಂಪಡಣೆ ಬಂದ ಮೇಲೆ ಊರುಗಳು ಚೇತರಿಸಿಕೊಂಡವು. ಸಾವು ಮೊದಲು ಇಳಿಯಿತು, ಹುಟ್ಟು ತಡವಾಗಿ ಇಳಿಯಿತು, ನಡುವಿನ ಆ ಕಾಲದಲ್ಲಿ ಜನ ಹೆಚ್ಚಾದರು. ಮುಂದುವರಿದ ದೇಶಗಳಲ್ಲಿ ಹೆಚ್ಚಿನವು ಇದೇ ದಾರಿಯಲ್ಲಿ ಬಂದಿವೆ. ನಮ್ಮ ಹಳೆ ಮೈಸೂರು ಸಂಸ್ಥಾನ 1930ರಲ್ಲೇ ಸರ್ಕಾರಿ ಸಂತಾನ ನಿಯಂತ್ರಣ ಕ್ಲಿನಿಕ್ ತೆರೆದಿತ್ತು, ಬಲವಂತವಿಲ್ಲದೆ. ಚೀನಾ 1980ರಲ್ಲಿ ಒಂದೇ ಮಗು ಎಂದು ಕಟ್ಟುಮಾಡಿತು. 2021ರಲ್ಲಿ ಮೂರು ಹೆರಬಹುದು ಎಂದಿತು. ಆದರೂ 2022ರಿಂದ ಅಲ್ಲಿ ಜನಸಂಖ್ಯೆ ಇಳಿಯುತ್ತಿದೆ. ನಿಲ್ಲಿಸಿದ್ದನ್ನು ಮತ್ತೆ ಶುರುಮಾಡಿಸುವುದು ಸರ್ಕಾರದ ಕೈಲಿಲ್ಲ.

ಹಾಗಾದರೆ ನಮ್ಮಲ್ಲಿ ಈಗ ಆಗಬೇಕಾದ್ದೇನು? ನಮ್ಮೂರ ಸುತ್ತ ಬಾಗಿಲು ತಟ್ಟಿದರೆ ತೆಗೆಯುವವರು ಅರವತ್ತು ದಾಟಿದವರು. ಒಬ್ಬ ಮಗ ಬೆಂಗಳೂರಲ್ಲಿ, ಒಬ್ಬಳು ಮಗಳು ಮಂಗಳೂರಲ್ಲಿ. ಬಿಪಿ, ಸಕ್ಕರೆ ಮಾತ್ರೆ ಮುಗಿದರೆ ತಂದುಕೊಡುವವರಿಲ್ಲ, ಸೊಂಟ ಮುರಿದು ಮಲಗಿದರೆ ಎತ್ತಿ ಕೂರಿಸುವವರಿಲ್ಲ. ಆಶಾ ಕಾರ್ಯಕರ್ತೆಯರಿಗೆ ಗೌರವಧನದ ಮೇಲೆ ಸಿಗುವ ಪ್ರೋತ್ಸಾಹಧನ ಬಹುಪಾಲು ಗರ್ಭಿಣಿ, ಹೆರಿಗೆ, ಲಸಿಕೆಯ ಲೆಕ್ಕದ್ದು. ಹೆರಿಗೆಯೇ ಅಪರೂಪವಾದ ಊರಿನಲ್ಲಿ ಅವರಿಗೆ ದುಡಿಮೆ ಹೆಚ್ಚು, ಕಾಸು ಕಡಿಮೆ. ಹಾಸಿಗೆ ಹಿಡಿದ ಹಿರಿಯರ ಮನೆಗೆ ಹೋಗಿ ಬರುವುದಕ್ಕೂ ಅವರಿಗೆ ಸರಿಯಾದ ಹಣ ಕೊಡಲಿ. ಉಪಕೇಂದ್ರಕ್ಕೊಂದು ಹಾಸಿಗೆ ಹಿಡಿದವರ ರಿಜಿಸ್ಟರ್ ಇರಲಿ.

ಇನ್ನೊಂದು ವಿಷಯ ನನಗೆ ಇದಕ್ಕಿಂತ ದೊಡ್ಡದು. ನಮ್ಮವರು ಬಿಟ್ಟುಹೋದ ಲೈನ್ ಮನೆಗಳಲ್ಲಿ ಈಗ ಅಸ್ಸಾಂ, ಪಶ್ಚಿಮ ಬಂಗಾಳ, ಜಾರ್ಖಂಡಿನಿಂದ ಬಂದ ಸಂಸಾರಗಳಿವೆ. ಕಾಫಿ ಕೊಯ್ಯುವವರು ಅವರೇ. ಅವರ ಮಗುವಿನ ಲಸಿಕೆ ಕಾರ್ಡು ಊರಲ್ಲೇ ಉಳಿದಿರುತ್ತದೆ, ಎಷ್ಟು ಡೋಸ್ ಆಗಿದೆ ಎಂದು ತಾಯಿಗೆ ಹೇಳಲು ಭಾಷೆ ಬರುವುದಿಲ್ಲ, ಕೇಳಲು ನಮ್ಮ ಸಿಸ್ಟರಿಗೂ ಬರುವುದಿಲ್ಲ. ಅಪ್ಪ ಅಮ್ಮ ತೋಟಕ್ಕೆ ಹೋದರೆ ಅಂಗನವಾಡಿಗೆ ಹೋಗಬೇಕಾದ ಕೂಸನ್ನು ಆರೇಳು ವರ್ಷದ ಅಕ್ಕ ನೋಡಿಕೊಳ್ಳುತ್ತಾಳೆ. ಆ ಅಕ್ಕ ಶಾಲೆಯಲ್ಲಿರಬೇಕಾದವಳು. ಅತ್ತ ಮಕ್ಕಳಿಲ್ಲವೆಂದು ಶಾಲೆ ಮುಚ್ಚುವ ಮಾತು, ಇತ್ತ ಅದೇ ಶಾಲೆಯ ಕೂಗಳತೆಯಲ್ಲಿ ಶಾಲೆಗೆ ಸೇರದ ಮಕ್ಕಳು. ಶಾಲೆ ಮುಚ್ಚುವ ಕಡತಕ್ಕೆ ಸಹಿ ಬೀಳುವ ಮೊದಲು ಶಿಕ್ಷಣ ಇಲಾಖೆಯವರು ಸುತ್ತಲಿನ ಲೈನ್‌ಗಳಿಗೆ ಹೋಗಿ ಈ ಮಕ್ಕಳ ಹೆಸರು ಬರೆದುಕೊಳ್ಳಲಿ.

2021ರಲ್ಲಿ ಆಗಬೇಕಿದ್ದ ಜನಗಣತಿ 2027ಕ್ಕೆ ನಿಗದಿಯಾಗಿದೆ. ಜನರನ್ನು ಎಣಿಸುವುದು ಫೆಬ್ರವರಿಯಲ್ಲಿ. ನಮ್ಮಲ್ಲಿ ಅದು ರೊಬಸ್ಟಾ ಕೊಯ್ಲಿನ ಕಾಲ, ಲೈನ್‌ಗಳು ತುಂಬಿರುತ್ತವೆ. ಗಣತಿಯವರು ತೋಟದ ಬಂಗಲೆಯಲ್ಲೇ ಕೂತು ಪಟ್ಟಿ ಮುಗಿಸಬಾರದು. ಮಾಲೀಕರು ಗೇಟು ತೆಗೆಸಿ ಲೈನ್‌ವರೆಗೆ ಕರೆದೊಯ್ಯಲಿ, ಹಿಂದಿಯೋ ಬಂಗಾಳಿಯೋ ಬರುವ ಒಬ್ಬರನ್ನು ಜೊತೆಗೆ ಕಳಿಸಲಿ. ಇದಕ್ಕೆ ಜಿಲ್ಲಾಡಳಿತ ಈಗಲೇ ತೋಟ ಮಾಲೀಕರ, ತೋಟದ ಕೆಲಸ ನೋಡಿಕೊಳ್ಳುವ ರೈಟರ್‌ಗಳ ಸಭೆ ಕರೆಯಬೇಕೆಂದು ಕೇಳಿಕೊಳ್ಳುತ್ತೇನೆ.

– ನಿವೃತ್ತ ಆರೋಗ್ಯ ಸಹಾಯಕಿ, ಮೂಡಿಗೆರೆ ತಾಲ್ಲೂಕು