ಲೈಬ್ರರಿ ಹಿಂದಿನ ಮುರಿದ ಪೈಪ್: ಉನ್ನತ ಶಿಕ್ಷಣ ಸಚಿವರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಸಚಿವರೇ, ನಮಸ್ಕಾರ.

ನಾನು ಬೆಂಗಳೂರಿನ ಒಂದು ವಿಶ್ವವಿದ್ಯಾಲಯದ ಹಾಸ್ಟೆಲ್‌ನಲ್ಲಿದ್ದೇನೆ. ಬೆಳಿಗ್ಗೆ ಐದೂವರೆಗೆ ಏಳೋಕೆ ನನಗೆ ಅಲಾರಂ ಬೇಕಿಲ್ಲ. ಮೇಲಿನ ಟ್ಯಾಂಕ್ ತುಂಬಿ, ನೀರು ಕಿಟಕಿ ಪಕ್ಕದಲ್ಲೇ ಧೋ ಅಂತ ಬೀಳುತ್ತದೆ. ಪಂಪ್ ಹಾಕುವ ಅಣ್ಣ ಇನ್ನೆರಡು ಬ್ಲಾಕ್‌ಗಳ ಮೋಟಾರನ್ನೂ ನೋಡಿಕೊಳ್ಳಬೇಕು, ಪಾಪ. ಅವರು ಓಡಿ ಬರುವಷ್ಟರಲ್ಲಿ ಅಂಗಳವೆಲ್ಲ ಕೆರೆ. ತಾನಾಗಿ ಮೋಟಾರ್ ನಿಲ್ಲಿಸುವ ಫ್ಲೋಟ್ ಸ್ವಿಚ್ ಕೆಟ್ಟು ಎರಡು ವರ್ಷವಾಯಿತು. ಅರ್ಜಿ ಕೊಟ್ಟರೆ ‘ಫೈಲ್ ಮೇಲೆ ಹೋಗಿದೆ’ ಅಂದರು. ನೀರು ಮಾತ್ರ ಕೆಳಗೇ ಬರುತ್ತಿದೆ.

ಅದರಲ್ಲಿ ಕಾವೇರಿ ನೀರೂ ಇದೆ. ಸುಮಾರು 100 ಕಿ.ಮೀ. ದೂರದ ತೊರೆಕಾಡನಹಳ್ಳಿ ಕಡೆಯಿಂದ, ಮೂರು ಕಡೆ ಪಂಪ್ ಮಾಡಿ, ಗುಡ್ಡ ಹತ್ತಿಸಿ ತಂದ ನೀರು! 2024ರ ಮಾರ್ಚ್‌ನಲ್ಲಿ ಜಲಮಂಡಳಿ, ಕುಡಿಯುವ ನೀರಲ್ಲಿ ಕಾರು ತೊಳೆದರೆ 5,000 ರೂಪಾಯಿ ದಂಡ ಅಂದಿತ್ತು. ಆಗ ನಾವೂ ಬಕೆಟ್ ಲೆಕ್ಕ ಹಾಕಿ ಸ್ನಾನ ಮಾಡಿದೆವು. ಮಳೆ ಬಂತು, ಎಲ್ಲರೂ ಮರೆತರು.

ಆ ಮಳೆಯನ್ನಾದರೂ ಹಿಡಿದೆವಾ? ಬೆಂಗಳೂರಿನಲ್ಲಿ ವರ್ಷಕ್ಕೆ ಸರಾಸರಿ 900 ಮಿ.ಮೀ.ಗಿಂತ ಜಾಸ್ತಿ ಮಳೆಯಾಗುತ್ತದೆ. ಒಂದು ಚದರ ಮೀಟರ್ ಚಾವಣಿ ಮೇಲೆ ಒಂದು ಮಿ.ಮೀ. ಬಿದ್ದರೆ ಒಂದು ಲೀಟರ್. ಚಾವಣಿ 1,000 ಚದರ ಮೀಟರ್ ಇದ್ದರೆ, ಆವಿಯಾಗಿ, ಚೆಲ್ಲಿ ಹೋಗಿದ್ದು ಬಿಟ್ಟು ವರ್ಷಕ್ಕೆ ಸುಮಾರು 7 ಲಕ್ಷ ಲೀಟರ್ ಸಿಗುತ್ತದೆ. ನಮ್ಮ ಲೈಬ್ರರಿ ಹಿಂದೆಯೂ ಮಳೆನೀರಿನ ಪೈಪ್ ಇದೆ, ಫಿಲ್ಟರ್ ಡ್ರಮ್ ಇದೆ. ಆದರೆ ಪೈಪ್ ಡ್ರಮ್‌ಗಿಂತ ಎರಡಡಿ ಮೇಲೆಯೇ ಮುರಿದಿದೆ. ಡ್ರಮ್ ತುಂಬ ಹೊಂಗೆ ಎಲೆ, ಚಿಪ್ಸ್ ಪ್ಯಾಕೆಟ್. ಕಾಗದದಲ್ಲಿ ಇದರ ಹೆಸರು ಮಳೆನೀರು ಕೊಯ್ಲು.

ಹೊಸ ಯೋಜನೆ ಬೇಡ ಸಾರ್, ಉದ್ಘಾಟನೆಯಂತೂ ಬೇಡವೇ ಬೇಡ. ರಾಜ್ಯದ ಎಲ್ಲ ಕ್ಯಾಂಪಸ್‌ಗಳಿಗೂ ಒಂದು ಸುತ್ತೋಲೆ ಕಳಿಸಿ: ಪ್ರತಿ ಬ್ಲಾಕ್‌ಗೆ, ಪ್ರತಿ ಬೋರ್‌ವೆಲ್‌ಗೆ ಒಂದೊಂದು ನೀರಿನ ಮೀಟರ್. ತಿಂಗಳ ರೀಡಿಂಗ್ ನೋಟಿಸ್ ಬೋರ್ಡಿನಲ್ಲಿ. ಈಗ ಎಲ್ಲಿ ಎಷ್ಟು ಖರ್ಚಾಗುತ್ತಿದೆ ಅಂತ ಯಾರಿಗೂ ಗೊತ್ತಿಲ್ಲ. ಲೈಬ್ರರಿ ಬಾಗಿಲು ಹಾಕಿದ ಮೇಲೆ ಒಮ್ಮೆ, ಬೆಳಿಗ್ಗೆ ತೆಗೆಯುವ ಮೊದಲು ಒಮ್ಮೆ ಮೀಟರ್ ನೋಡಿದರೆ ಸೋರಿಕೆ ಇದೆಯೋ ಇಲ್ಲವೋ ತಿಳಿಯುತ್ತದೆ. ಇದಕ್ಕೆ ಇಂಜಿನಿಯರ್ ಯಾಕೆ, ಎನ್ನೆಸ್ಸೆಸ್ ಹುಡುಗರು ಸಾಕು, ಅಲ್ವಾ?

ನಮ್ಮಲ್ಲಿಗೆ ಬರುವುದಾದರೆ ಹೇಳದೆ ಬನ್ನಿ. ಹೇಳಿ ಬಂದರೆ ಡ್ರಮ್‌ಗೆ ಬಣ್ಣ ಹೊಡೆದಿರುತ್ತಾರೆ. ಬೆಳಿಗ್ಗೆ ಐದೂವರೆ ಒಳ್ಳೆ ಹೊತ್ತು. ಕೊಡೆ ತನ್ನಿ.

ಇಂತಿ,
ಎಂ.ಎಸ್ಸಿ. ವಿದ್ಯಾರ್ಥಿ, ಬೆಂಗಳೂರು