ಗ್ರಿಲ್ ಅಂಗಡಿಗೆ ಹೋಗುವ ಮುಂಚೆ ಇದನ್ನು ಓದು

ಪ್ರಿಯ ಗೆಳೆಯ,

ನೀನು ಕಳಿಸಿದ ಚಿತ್ರ ನೋಡಿದೆ. ಮಾವನವರು ಕೊಟ್ಟ ಎಚ್‌ಎಂಟಿ ಜೇಬುಗಡಿಯಾರಕ್ಕೆ ಒಂದು ಸ್ಟ್ಯಾಂಡ್ ಬೇಕು, ಸರಳು ಬಗ್ಗಿಸಿಕೊಂಡು ಹೋಗಿ ಗೇಟು, ಗ್ರಿಲ್ ಮಾಡುವವರ ಹತ್ತಿರ ವೆಲ್ಡ್ ಹೊಡೆಸಿ ಮೇಲೊಂದು ಕಪ್ಪು ಪೇಂಟ್ ಬಳಿದುಬಿಡುತ್ತೇನೆ ಅಂದಿದ್ದೀಯ. ಸ್ವಲ್ಪ ತಡಿ ಮಾರಾಯ. ಜಪಾನಿನ ಸಿಟಿಜನ್ ಕಂಪನಿಯ ನೆರವಿನಿಂದ 1961ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಕಾರ್ಖಾನೆಯ ಮಾಲು ಅದು. ಆ ಕಾರ್ಖಾನೆ ಈಗ ಇಲ್ಲ. ಅಂಥದ್ದನ್ನು ಕಿಟಕಿ ಸರಳಿನ ತುಂಡಿಗೆ ನೇತುಹಾಕುವುದು ನನಗಂತೂ ಒಪ್ಪಿಗೆಯಿಲ್ಲ. ನನ್ನ ಮೇಜಿನ ಮೇಲಿರುವ ಸ್ಟ್ಯಾಂಡನ್ನು ಹೇಗೆ ಮಾಡಿದೆ ಅಂತ ಇನ್ನೂ ಕೆಲವರು ಕೇಳಿದ್ದಾರೆ. ಅದಕ್ಕೇ ಈ ಪತ್ರ ನಿನಗೇ ಬರೆದರೂ ಎಲ್ಲರಿಗೂ ಕಾಣುವಂತೆ ಇಡುತ್ತಿದ್ದೇನೆ.

ಮೊದಲು ವೆಲ್ಡಿಂಗ್ ಯಾಕೆ ಬೇಡ ಅಂತ ಹೇಳುತ್ತೇನೆ. ಆರ್ಕ್ ವೆಲ್ಡಿಂಗಿನಲ್ಲಿ ಉಕ್ಕೇ ಕರಗಬೇಕು, ಅಂದರೆ 1,500 ಡಿಗ್ರಿಯ ಆಸುಪಾಸು. ಗೇಟಿಗೆ ಅದು ಸರಿ. ಗಡಿಯಾರ ತೂಗುಹಾಕುವ 3 ಮಿ.ಮೀ. ಕೊಕ್ಕೆಗೆ ಅದನ್ನು ಹಿಡಿದರೆ ಕೊಕ್ಕೆಯ ಅರ್ಧ ಕರಗಿ ಹೋಗುತ್ತದೆ, ಉಳಿದರ್ಧದ ಸುತ್ತ ಗಂಟು ಕಟ್ಟುತ್ತದೆ, ಸುತ್ತಲೂ ಕಿಡಿ ಹಾರಿ ಅಂಟಿದ ಚುಕ್ಕೆಗಳು. ಆಮೇಲೆ ಗ್ರೈಂಡರ್ ಹಿಡಿದು ಕೂರಬೇಕು. ಸೀಸ–ತವರದ ಮೆದು ಬೆಸುಗೆಯೂ ಆಗುವುದಿಲ್ಲ. ರೇಡಿಯೊ ರಿಪೇರಿಯವರು ಬಳಸುವ ಬೆಸುಗೆ 183 ಡಿಗ್ರಿಗೇ ಕರಗುತ್ತದೆ. ಪೇಂಟಿನ ಬದಲು ನಾವು ಉಕ್ಕಿಗೇ ಶಾಖದಿಂದ ನೀಲಿ ಬಣ್ಣ ತರಬೇಕಾದರೆ 300 ಡಿಗ್ರಿವರೆಗೆ ಹೋಗಬೇಕು. ಅಷ್ಟರೊಳಗೆ ಸ್ಟ್ಯಾಂಡು ಬಿಡಿಬಿಡಿಯಾಗಿ ಬಾಣಲೆಯಲ್ಲಿ ಬಿದ್ದಿರುತ್ತದೆ.

ಇವೆರಡರ ನಡುವೆ ಇರುವುದು ಬ್ರೇಜಿಂಗ್. ಉಕ್ಕು ಕರಗುವುದಿಲ್ಲ, ಎರಡು ತುಂಡುಗಳ ನಡುವಿನ ಸಂದಿಯೊಳಗೆ ಹಿತ್ತಾಳೆಯೋ ಬೆಳ್ಳಿಯ ಮಿಶ್ರಲೋಹವೋ ಕರಗಿ ಹರಿಯುತ್ತದೆ. 450 ಡಿಗ್ರಿಗಿಂತ ಮೇಲೆ ಕರಗುವ ಲೋಹ ಬಳಸಿದರೆ ಅದು ಬ್ರೇಜಿಂಗ್, ಕೆಳಗಾದರೆ ಬರೀ ಸೋಲ್ಡರಿಂಗ್ ಎಂದು ಲೆಕ್ಕ. ಗಟ್ಟಿ ಇರುತ್ತದಾ ಅಂತ ಕೇಳಬೇಡ. ನಾವು ಶಾಲೆಗೆ ತುಳಿದ ಕಪ್ಪು ಸೈಕಲ್ಲುಗಳ ಚೌಕಟ್ಟನ್ನು ಲಗ್‌ಗಳ, ಅಂದರೆ ಕೊಳವೆಗಳು ಸೇರುವ ಕಡೆ ಇರುವ ತೋಳುಗಳ ಒಳಗೆ ಹಿತ್ತಾಳೆ ಹರಿಸಿಯೇ ಕೂಡಿಸುತ್ತಿದ್ದರು. ಕ್ಯಾರಿಯರಿನ ಮೇಲೆ ಅಕ್ಕಿ ಮೂಟೆ ಹೇರಿದರೂ ಬಿಟ್ಟುಕೊಳ್ಳದ ಬೆಸುಗೆ ನಿನ್ನ ಗಡಿಯಾರವನ್ನು ಹೊರದೇ ಇರುತ್ತದೆಯೇ.

ನನ್ನ ಸ್ಟ್ಯಾಂಡಿನ ಅಳತೆ ಹೀಗಿದೆ. ತಳಕ್ಕೆ 70 ಮಿ.ಮೀ. ಅಗಲದ ದುಂಡು ಬಿಲ್ಲೆ, ದಪ್ಪ 6 ಮಿ.ಮೀ. ಅದೇ ಸುಮಾರು 180 ಗ್ರಾಂ ತೂಗುತ್ತದೆ, ಹಾಗಾಗಿ ಮಗುಚುವ ಮಾತಿಲ್ಲ. ಕಂಬಕ್ಕೆ 6 ಮಿ.ಮೀ. ಎಂಎಸ್, ಅಂದರೆ ಮೆದು ಉಕ್ಕಿನ ಸರಳು. ಮೇಲ್ತುದಿಯಲ್ಲಿ ಅಡ್ಡ ತೂತು ಕೊರೆದು 3 ಮಿ.ಮೀ. ಸರಳಿನ ಕೊಕ್ಕೆ. ಕಂಬವನ್ನು ಬಿಲ್ಲೆಯ ನಡುವಿಗೆ ನಿಲ್ಲಿಸಬೇಡ, ಹಿಂದಿನ ಅಂಚಿನ ಕಡೆ ತೂತು ಕೊರೆದು ಕೂರಿಸು. ಆಗ ತೂಗುವ ಗಡಿಯಾರ ಬಿಲ್ಲೆಯ ನಡುವಿಗೆ ಬರುತ್ತದೆ. ಜಿಐ, ಅಂದರೆ ಸತುವಿನ ಲೇಪ ಇರುವ ಸರಳು ಮಾತ್ರ ಬೇಡವೇ ಬೇಡ. ಬೆಂಕಿಗೆ ಹಿಡಿದರೆ ಸತು ಬಿಳಿ ಹೊಗೆಯಾಗಿ ಏಳುತ್ತದೆ. ಅದನ್ನು ಉಸಿರಾಡಿದವರು ಅವತ್ತು ರಾತ್ರಿ ಚಳಿಜ್ವರದಲ್ಲಿ ನಡುಗುತ್ತಾರೆ.

ಈಗ ಸಂದಿಯ ವಿಷಯ. ಇದರಲ್ಲೇ ಮುಕ್ಕಾಲು ಕೆಲಸ ಇರುವುದು. ಕರಗಿದ ಲೋಹ ಸಂದಿಯೊಳಗೆ ತಾನಾಗಿ ಎಳೆದುಕೊಂಡು ಹೋಗಬೇಕಾದರೆ ಸಂದಿ ಬಹಳ ಸಣ್ಣದಿರಬೇಕು, 0.05ರಿಂದ 0.15 ಮಿ.ಮೀ. ಒಳಗೆ. ಸರಳು ಅಲ್ಲಾಡುವಷ್ಟು ತೂತು ದೊಡ್ಡದಾದರೆ ಲೋಹ ಕೆಳಕ್ಕೆ ಸೋರುತ್ತದೆ. ಸುತ್ತಿಗೆಯಲ್ಲಿ ಹೊಡೆದು ಕೂರಿಸುವಷ್ಟು ಬಿಗಿಯಾದರೆ ಒಳಗೆ ಹೋಗಲು ದಾರಿಯೇ ಇಲ್ಲ. ನಾನು ಮಾಡುವುದು ಇಷ್ಟು: ಸರಳಿನ ತುದಿಯನ್ನು ಎಮರಿ ಪೇಪರಿನಲ್ಲಿ ಒಂದಿಷ್ಟು ಉಜ್ಜಿ ತೂತಿನಲ್ಲಿ ಸಲೀಸಾಗಿ ಜಾರುವ ಹಾಗೆ ಮಾಡಿಕೊಳ್ಳುತ್ತೇನೆ. ಆಮೇಲೆ ಸೆಂಟರ್ ಪಂಚ್ ಹಿಡಿದು ಆ ತುದಿಯ ಸುತ್ತ ಮೂರು ಕಡೆ ಸಣ್ಣ ಚುಚ್ಚು ಹಾಕುತ್ತೇನೆ. ಪ್ರತಿ ಚುಚ್ಚಿನ ಅಂಚಿನಲ್ಲಿ ಉಕ್ಕು ಕೂದಲೆಳೆಯಷ್ಟು ಉಬ್ಬುತ್ತದೆ. ಆ ಉಬ್ಬುಗಳೇ ಸರಳನ್ನು ತೂತಿನ ನಟ್ಟನಡುವೆ ನೆಟ್ಟಗೆ ಹಿಡಿದುಕೊಳ್ಳುತ್ತವೆ, ಸುತ್ತಲೂ ಸಮನಾದ ಸಂದಿ ಉಳಿಯುತ್ತದೆ. ಕ್ಲ್ಯಾಂಪೂ ಬೇಡ, ತಂತಿ ಕಟ್ಟುವುದೂ ಬೇಡ.

ಬೆಂಕಿಗಿಂತ ಮುಂಚೆ ಜಿಡ್ಡು ತೆಗೆಯುವುದು, ಬಿಲ್ಲೆಯ ಮೇಲಿನ ಕಪ್ಪು ಪೊರೆಯನ್ನು ಅರದಿಂದ ಉಜ್ಜಿ ಬಿಳಿ ಉಕ್ಕು ಕಾಣಿಸುವುದು, ಇದೆಲ್ಲ ನಿನಗೆ ಗೊತ್ತು.

ಬೆಸುಗೆಗೆ ನಾನು ಎರಡು ಬಗೆಯ ಕಡ್ಡಿ ಬಳಸಿದೆ. ಕಂಬ ಮತ್ತು ಬಿಲ್ಲೆಗೆ ಹಿತ್ತಾಳೆ ಕಡ್ಡಿ, ಕರಗುವುದು 900 ಡಿಗ್ರಿಯ ಹತ್ತಿರ. ಕೊಕ್ಕೆಗೆ ಬೆಳ್ಳಿ ಕಡ್ಡಿ. ಶೇ 55ರಷ್ಟು ಬೆಳ್ಳಿ ಇರುವ ಕಡ್ಡಿ 630ರಿಂದ 660 ಡಿಗ್ರಿಯೊಳಗೆ ಕರಗಿ ಹರಿಯುತ್ತದೆ. ಹೆಚ್ಚು ಶಾಖದ್ದು ಮೊದಲು, ಕಡಿಮೆ ಶಾಖದ್ದು ಆಮೇಲೆ. ಹೀಗೆ ಮಾಡಿದರೆ ಕೊಕ್ಕೆ ಕೂರಿಸುವಾಗ ಕಂಬದ ಬೆಸುಗೆ ಮತ್ತೆ ಕರಗುವ ಭಯವಿಲ್ಲ. ಒಂದು ಎಚ್ಚರಿಕೆ: ಫ್ರಿಜ್ ರಿಪೇರಿ ಸಾಮಾನಿನ ಅಂಗಡಿಯಲ್ಲಿ ಸಿಲ್ವರ್ ಕಡ್ಡಿ ಕೊಡಿ ಅಂದರೆ ಶೇ 2ರ ಬೆಳ್ಳಿಯ ಕಡ್ಡಿಯನ್ನು ಕೈಗಿಡುತ್ತಾರೆ. ಅದರಲ್ಲಿರುವುದು ಬಹುಪಾಲು ತಾಮ್ರ, ಜೊತೆಗೆ ರಂಜಕ. ತಾಮ್ರದ ಕೊಳವೆಗೆ ಅದಕ್ಕಿಂತ ಒಳ್ಳೆಯದಿಲ್ಲ. ಉಕ್ಕಿಗೆ ಹಾಕಿದರೆ ರಂಜಕ ಕಬ್ಬಿಣದ ಜೊತೆ ಸೇರಿ ಗಾಜಿನಷ್ಟು ಪೆಡಸಾದ ಪದರ ಕಟ್ಟುತ್ತದೆ, ಕೆಳಗೆ ಬಿದ್ದರೆ ಪಟ್ಟೆಂದು ಬಿಟ್ಟುಕೊಳ್ಳುತ್ತದೆ. ಇನ್ನು ಕ್ಯಾಡ್ಮಿಯಂ ಇರುವ ಹಳೆಯ ಕಡ್ಡಿಗಳು. ಹರಿಯುವುದೇನೋ ಸೊಗಸಾಗಿ ಹರಿಯುತ್ತವೆ, ಆದರೆ ಹೊಗೆ ಪ್ರಾಣಕ್ಕೇ ಕುತ್ತು. ಕ್ಯಾಡ್ಮಿಯಂ ಇಲ್ಲದ್ದು ಅಂತ ಪ್ಯಾಕೆಟ್ಟಿನ ಮೇಲೆ ಬರೆದಿದ್ದರೆ ಮಾತ್ರ ತಗೋ.

ಕಾದ ಉಕ್ಕಿನ ಮೇಲೆ ಪೊರೆ ಕಟ್ಟದಂತೆ ತಡೆದು ಲೋಹ ಹರಿಯಲು ಬಿಡುವ ಫ್ಲಕ್ಸ್ ಬೇಕು. ಹಿತ್ತಾಳೆಗೆ ಅದು ನಮ್ಮ ಬಿಳಿಗಾರವೇ. ಅಕ್ಕಸಾಲಿಗರು ಕಲ್ಲಿನ ಮೇಲೆ ನೀರು ಹಾಕಿ ತೇಯುತ್ತಾರಲ್ಲ, ಹಾಗೆ ತೇಯ್ದು ಸಂದಿಯ ಸುತ್ತ ಬಳಿ. ಬೆಳ್ಳಿಗೆ ಬಿಳಿಗಾರ ಸಾಲದು. ಬಿಳಿಗಾರ ಕರಗಲು 743 ಡಿಗ್ರಿ ಬೇಕು, ಅಷ್ಟರಲ್ಲಿ ಬೆಳ್ಳಿ ಕಡ್ಡಿ ಕರಗಿ ಹೋಗಿರುತ್ತದೆ. ಅದಕ್ಕೆಂದೇ ಫ್ಲೋರೈಡ್ ಇರುವ ಬೇರೆ ಫ್ಲಕ್ಸ್ ಬರುತ್ತದೆ. ಅದರ ಹೊಗೆಗೂ ಮುಖ ಕೊಡಬೇಡ, ಜಗಲಿಯಲ್ಲೇ ಕೂತು ಮಾಡು.

ಸುತ್ತ ಇಟ್ಟಿಗೆ ಬೇಕು. ಮಾಮೂಲಿ ಇಟ್ಟಿಗೆಯಲ್ಲ, ಮೊಳೆ ಒತ್ತಿದರೆ ಗುಳಿ ಬೀಳುವಂಥ ಹಗುರ ಫೈರ್‌ಬ್ರಿಕ್. ಮಾಮೂಲಿ ಇಟ್ಟಿಗೆ ಶಾಖವನ್ನೆಲ್ಲ ತಾನೇ ಕುಡಿಯುತ್ತದೆ, ಇದು ಕೆಲಸದ ಕಡೆಗೆ ಹಿಂದಿರುಗಿಸುತ್ತದೆ. ಎಲ್‌ಪಿಜಿ ಟಾರ್ಚಿನಲ್ಲಿ 900 ಡಿಗ್ರಿ ಮುಟ್ಟಬೇಕಾದರೆ ಮೂರು ಕಡೆ ಇಂಥ ಗೋಡೆ ಇರಲೇಬೇಕು. ಸಿಮೆಂಟು ನೆಲದ ಮೇಲೆ ನೇರವಾಗಿ ಬೆಂಕಿ ಬಿಡಬೇಡ, ಒಳಗಿನ ತೇವ ಆವಿಯಾಗಿ ಚೂರು ಸಿಡಿಯುತ್ತದೆ.

ಬೆಂಕಿ ಹಿಡಿಯುವುದು ಬಿಲ್ಲೆಗೆ, ಕಂಬಕ್ಕಲ್ಲ. ಸಣ್ಣ ಸರಳು ಬಲುಬೇಗ ಕೆಂಪಗಾಗುತ್ತದೆ, ದಪ್ಪ ಬಿಲ್ಲೆ ಇನ್ನೂ ಕಪ್ಪಗೇ ಇರುತ್ತದೆ. ಲೋಹ ಯಾವಾಗಲೂ ಹೆಚ್ಚು ಬಿಸಿ ಇರುವ ಕಡೆಗೆ ಹರಿಯುವುದರಿಂದ ಆಗ ಅದು ಕಂಬಕ್ಕೆ ಮೆತ್ತಿಕೊಂಡು ಬಿಲ್ಲೆಯನ್ನು ಮುಟ್ಟುವುದೇ ಇಲ್ಲ. ಬಿಳಿಗಾರವನ್ನು ನೋಡುತ್ತಿರು. ಮೊದಲು ನೀರು ಆರುತ್ತದೆ, ಆಮೇಲೆ ಬೆಳ್ಳಗೆ ಉಬ್ಬಿ ನೊರೆಯೇಳುತ್ತದೆ. ಇದು ಎಲ್ಲ ಕೆಡಿಸುತ್ತಿದೆ ಅಂತ ಗಾಬರಿಯಾಗಬೇಡ, ಉಬ್ಬಿದ್ದು ಕುಸಿದು ತಿಳಿಯಾಗಿ ಹೊಳೆಯುವ ಗಾಜಾಗಿ ಕೂರುತ್ತದೆ. ಅಲ್ಲಿಂದ ಮುಂದೆ ಬಿಲ್ಲೆ ಕಿತ್ತಳೆ ಬಣ್ಣಕ್ಕೆ ತಿರುಗಿದ ಮೇಲೆ ಜ್ವಾಲೆಯನ್ನು ತುಸು ಆಚೆ ಸರಿಸಿ, ಕಡ್ಡಿಯನ್ನು ಸಂದಿಗೆ ಮುಟ್ಟಿಸು. ಕಡ್ಡಿಯನ್ನು ಕರಗಿಸಬೇಕಾದದ್ದು ಕಾದ ಉಕ್ಕು, ಜ್ವಾಲೆಯಲ್ಲ. ಸಮಯ ಸರಿಯಾಗಿದ್ದರೆ ಕಡ್ಡಿಯ ತುದಿ ಒಮ್ಮೆಗೇ ಸೊರಗಿ, ಕಂಬದ ಸುತ್ತ ಹಳದಿ ಉಂಗುರವೊಂದು ಓಡಿ ಸುತ್ತು ಮುಗಿಸಿ ಒಳಗೆ ಇಳಿದುಹೋಗುತ್ತದೆ. ಕೂಡಲೇ ಬೆಂಕಿ ತೆಗೆ. 907 ಡಿಗ್ರಿಗೆ ಸತು ಕುದಿಯುತ್ತದೆ. ಇನ್ನಷ್ಟು ಕಾಯಿಸಿದರೆ ಹಿತ್ತಾಳೆಯೊಳಗಿನ ಸತು ಹೊಗೆಯಾಗಿ ಹೋಗಿ ಬೆಸುಗೆಯಲ್ಲಿ ಸೂಜಿಮೊನೆಯಷ್ಟು ತೂತುಗಳು ಉಳಿಯುತ್ತವೆ. ಆರಿದ ಮೇಲೆ ಬಿಲ್ಲೆಯನ್ನು ಮಗುಚಿ ನೋಡು. ಮೇಲಿನಿಂದ ಕೊಟ್ಟ ಹಿತ್ತಾಳೆ ಕೆಳಗೂ ಉಂಗುರವಾಗಿ ಇಣುಕಿದ್ದರೆ ಸಂದಿ ಪೂರ್ತಿ ತುಂಬಿದೆ ಅಂತ ಅರ್ಥ.

ಗಾಜಾದ ಬಿಳಿಗಾರ ಸುಲಭಕ್ಕೆ ಬಿಡುವುದಿಲ್ಲ. ಕೆಂಪು ಹೋಗಿ ಇನ್ನೂ ಬಿಸಿ ಇರುವಾಗಲೇ ಇಕ್ಕಳದಲ್ಲಿ ಹಿಡಿದು ಬಿಸಿನೀರಿಗೆ ಇಳಿಸು, ಬಿರಿದು ಉದುರುತ್ತದೆ. ಆಮೇಲೆ ಸಿಟ್ರಿಕ್ ಆಸಿಡ್ ನೀರಿನಲ್ಲಿ ನೆನೆಹಾಕಿದರೆ ಬೆಂಕಿಯ ಕಪ್ಪು ಪೊರೆಯೂ ಸಡಿಲವಾಗುತ್ತದೆ. ಕೊನೆಗೆ ಅಡುಗೆ ಸೋಡಾ ನೀರಿನಲ್ಲಿ ತೊಳೆದು ಹುಳಿ ತೆಗೆದುಬಿಡು. ಫ್ಲಕ್ಸ್ ಚೂರು ಎಲ್ಲಾದರೂ ಉಳಿದರೆ ಅಷ್ಟು ಜಾಗಕ್ಕೆ ನೀಲಿ ಹತ್ತುವುದಿಲ್ಲ.

ಇನ್ನು ನೀಲಿ. ಹಳೆಯ ಕೈಗಡಿಯಾರಗಳ ಮುಳ್ಳು, ಸ್ಕ್ರೂಗಳಲ್ಲಿ ಕಾಣುವ ನವಿಲುನೀಲಿ ಬಣ್ಣ ಹಚ್ಚಿದ್ದಲ್ಲ, ಉಕ್ಕನ್ನು ಕಾಯಿಸಿ ಬರಿಸಿದ್ದು. ಮೇಲ್ಮೈಯಲ್ಲಿ ಆಕ್ಸೈಡಿನ ಪೊರೆ ಕಟ್ಟುತ್ತದೆ, ತಲೆಗೂದಲಿನ ಸುಮಾರು ಸಾವಿರದಲ್ಲೊಂದು ಪಾಲು ದಪ್ಪ. ಆ ಪೊರೆಯ ಮೇಲಿಂದಲೂ ತಳದಿಂದಲೂ ಬೆಳಕು ಹಿಂದಿರುಗಿ ಒಂದಕ್ಕೊಂದು ಬೆರೆತು ಬಣ್ಣ ಹುಟ್ಟುತ್ತದೆ. ಪೊರೆ ದಪ್ಪವಾದಂತೆ ಬಣ್ಣ ಬದಲು. 220 ಡಿಗ್ರಿಗೆ ಒಣಹುಲ್ಲಿನ ಹಳದಿ, 255ಕ್ಕೆ ಕಂದು, 280ಕ್ಕೆ ನೇರಳೆ, 295–300ಕ್ಕೆ ಕಡುನೀಲಿ, 320 ದಾಟಿದರೆ ತಿಳಿನೀಲಿಯಾಗಿ ಬೂದು ಬಣ್ಣಕ್ಕೆ ತಿರುಗುತ್ತದೆ. ಕುಡುಗೋಲಿಗೆ ಹದ ಹಾಕುವ ಕಮ್ಮಾರರು ನೋಡಿಕೊಳ್ಳುವುದೂ ಈ ಬಣ್ಣಗಳನ್ನೇ.

ಮನೆಯ ಓಟಿಜಿ ಓವನ್ ಸಾಕಲ್ಲವಾ ಅಂತೀಯ. ಅವು 250ಕ್ಕೆ ನಿಲ್ಲುತ್ತವೆ, ಕಂದು ಬಣ್ಣಕ್ಕಿಂತ ಮುಂದೆ ಹೋಗಲು ಕಷ್ಟ. ನಾನು ಮಾಡಿದ್ದು ಸಂತೆಯಲ್ಲಿ ಕಡಲೆಕಾಯಿ ಹುರಿಯುವವರ ಹಾಗೆ. ಹಳೆಯ ಕಬ್ಬಿಣದ ಬಾಣಲೆಗೆ ಜರಡಿ ಹಿಡಿದ ಒಣ ಮರಳು ತುಂಬಿ, ಒಲೆಯ ಮೇಲಿಟ್ಟು, ಸ್ಟ್ಯಾಂಡನ್ನು ಅದರಲ್ಲಿ ಹುಗಿದು ಆಗಾಗ ಮರಳು ಸರಿಸಿ ನೋಡುವುದು. ನೇರ ಜ್ವಾಲೆಗೆ ಹಿಡಿದರೆ ಒಂದು ಕಡೆ ನೀಲಿ, ಇನ್ನೊಂದು ಕಡೆ ಹಳದಿ. ಮರಳಿನಲ್ಲಿ ಶಾಖ ಸಮನಾಗಿ ಹರಡುತ್ತದೆ. ಅದಕ್ಕೆ ಮುಂಚೆ 1,000 ನಂಬರಿನ ಎಮರಿವರೆಗೆ ಉಜ್ಜಿರಬೇಕು, ಅಸಿಟೋನಿನಲ್ಲಿ ಒರೆಸಿರಬೇಕು. ಒರೆಸಿದ ಮೇಲೆ ಬರಿಗೈಯಲ್ಲಿ ಮುಟ್ಟಿದರೆ ಬೆರಳಚ್ಚು ನೀಲಿಯ ನಡುವೆ ಕಂದಾಗಿ ಅಲ್ಲೇ ಉಳಿಯುತ್ತದೆ, ಪೊಲೀಸರಿಗೆ ಸಾಕ್ಷಿ ಬೇಕಾದರೆ ಅನುಕೂಲ. ನೇರಳೆ ಕಾಣಿಸಿದ ಮೇಲೆ ಕಣ್ಣು ಬೇರೆ ಕಡೆ ಹೋಗಬಾರದು. ಹತ್ತು ಹದಿನೈದು ಡಿಗ್ರಿಯ ಅಂತರದಲ್ಲಿ ನೀಲಿ ಬಂದು, ನೋಡುತ್ತಿದ್ದಂತೆ ಹೋಗಿಯೂ ಬಿಡುತ್ತದೆ. ಬೇಕಾದ ನೀಲಿಗಿಂತ ಕೂದಲಷ್ಟು ಮುಂಚೆಯೇ ಎತ್ತಿ ತಣ್ಣನೆಯ ದಪ್ಪ ಕಬ್ಬಿಣದ ಮೇಲಿಡು, ಒಳಗಿನ ಶಾಖ ಉಳಿದದ್ದನ್ನು ಮುಗಿಸುತ್ತದೆ. ಹಿತ್ತಾಳೆ ನೀಲಿಯಾಗುವುದಿಲ್ಲ. ಕಂಬದ ಬುಡದಲ್ಲಿ ಚಿನ್ನದ ಬಣ್ಣದ ಸಣ್ಣ ಗೆರೆಯೊಂದು ಹಾಗೇ ಉಳಿಯುತ್ತದೆ. ಇಡೀ ಸ್ಟ್ಯಾಂಡಿನಲ್ಲಿ ನನಗೆ ಮೆಚ್ಚಿಗೆಯಾದದ್ದು ಆ ಗೆರೆಯೇ, ಬೆಳ್ಳಿಗಿಂತ ಹಿತ್ತಾಳೆ ಆರಿಸಿಕೊಂಡದ್ದೂ ಅದಕ್ಕೇ.

ಆದರೆ ಇಲ್ಲೊಂದು ತೊಡಕಿದೆ. ಭದ್ರಾವತಿಯ ನನ್ನ ಮೇಜಿಗೆ ಈ ನೀಲಿ ಸಾಕು, ನಿನ್ನ ಕುಂದಾಪುರದ ಉಪ್ಪುಗಾಳಿಗೆ ಸಾಲದು. ಅಷ್ಟು ತೆಳ್ಳನೆಯ ಪೊರೆ ತುಕ್ಕನ್ನು ಎಷ್ಟು ದಿನ ತಡೆದೀತು? ನೀನು ಮಾಡಬೇಕಾದದ್ದು ತುಕ್ಕಿನ ನೀಲಿ. ಕೇಳಲು ವಿಚಿತ್ರ ಅನ್ನಿಸಬಹುದು, ಬೇಕೆಂದೇ ತುಕ್ಕು ಹಿಡಿಸುವ ಕೆಲಸ ಅದು. ಜಿಡ್ಡು ತೆಗೆದ ಉಕ್ಕಿಗೆ ತೆಳುವಾಗಿ ತುಕ್ಕು ಹಿಡಿಸುವ ದ್ರಾವಣ ಒರೆಸಿ ತೇವದ ಗಾಳಿಯಲ್ಲಿ ಬಿಡುವುದು. ಮೈತುಂಬ ಕೆಂಪು ಪುಡಿ ಕಟ್ಟಿದ ಮೇಲೆ ಶುದ್ಧ ನೀರಿನಲ್ಲಿ, ಮಳೆನೀರಾದರೂ ಆಗುತ್ತದೆ, ಹದಿನೈದು ಇಪ್ಪತ್ತು ನಿಮಿಷ ಕುದಿಸುವುದು. ಕೆಂಪು ತುಕ್ಕು ಕುದಿಯುವ ನೀರಿನಲ್ಲೇ ಮ್ಯಾಗ್ನೆಟೈಟ್ ಎಂಬ ಕಪ್ಪು ಆಕ್ಸೈಡ್ ಆಗಿ ಬದಲಾಗುತ್ತದೆ. ಮೇಲೆ ಸಡಿಲವಾಗಿ ಕೂತದ್ದನ್ನು ಎಣ್ಣೆಯಿಲ್ಲದ ಸಣ್ಣ ಸ್ಟೀಲ್ ವುಲ್‌ನಲ್ಲಿ ಉಜ್ಜಿ ತೆಗೆದು ಮತ್ತೆ ಮೊದಲಿನಿಂದ ಶುರುಮಾಡು. ನಾಲ್ಕೈದು ಸುತ್ತಿಗೆ ಕಡುನೀಲಿ ಬೆರೆತ ಕಪ್ಪು ಕೂರುತ್ತದೆ. ಒಳ್ಳೆಯ ಜೋಡಿ ನಳಿಗೆ ಕೋವಿಗಳಿಗೆ ಇದನ್ನೇ ಮಾಡುತ್ತಿದ್ದರು. ನವಿಲಿನ ಹೊಳಪು ಸಿಗುವುದಿಲ್ಲ, ಬಾಳಿಕೆ ಮಾತ್ರ ಅದಕ್ಕಿಂತ ಎಷ್ಟೋ ಹೆಚ್ಚು. ಬೇರೆಯವರು ಇದಕ್ಕೆಂದೇ ತೇವದ ಪೆಟ್ಟಿಗೆ ಕಟ್ಟಿಕೊಳ್ಳುತ್ತಾರೆ. ನಿನಗೆ ಆಷಾಢದ ಗಾಳಿಯೇ ಅರ್ಧ ಕೆಲಸ ಪುಕ್ಕಟೆ ಮಾಡಿಕೊಡುತ್ತದೆ.

ಅಂಗಡಿಯಲ್ಲಿ ಸಿಗುವ, ಕಾಯಿಸದೇ ಹಚ್ಚುವ ಕೋಲ್ಡ್ ಬ್ಲೂ ಬಾಟಲಿಯ ಆಸೆ ಬೇಡ. ಸೆಲೆನಿಯಂ ಇರುವ ವಿಷ ಅದು, ಬಟ್ಟೆಯಲ್ಲಿ ಉಜ್ಜುತ್ತಾ ಹೋದರೆ ಬಹಳ ದಿನ ಬಾಳುವುದೂ ಇಲ್ಲ. ಕಾಸ್ಟಿಕ್ ಸೋಡಾ ಮತ್ತು ನೈಟ್ರೇಟನ್ನು 140 ಡಿಗ್ರಿಗೆ ಕುದಿಸುವ ಕಾರ್ಖಾನೆ ವಿಧಾನವಂತೂ ಮಕ್ಕಳಿರುವ ಮನೆಯ ಹತ್ತಿರ ಸುಳಿಯಬಾರದು.

ಯಾವ ನೀಲಿಯಾದರೂ ಕೊನೆಗೆ ಜೇನುಮೇಣ ಬೇಕು. ಮೇಣ ಕರಗುವುದು 62–64 ಡಿಗ್ರಿಗೆ. ಸ್ಟ್ಯಾಂಡನ್ನು ಕೈಗೆ ಚುರುಕ್ ಅನ್ನುವಷ್ಟು ಬಿಸಿ ಮಾಡಿ ಮೇಣ ಮುಟ್ಟಿಸಿದರೆ ತಾನಾಗಿ ಹರಡುತ್ತದೆ. ಬಟ್ಟೆಯಲ್ಲಿ ಒರೆಸಿ ಬಿಡು, ಮಳೆಗಾಲದ ಮುಂಚೆ ಇನ್ನೊಮ್ಮೆ ಹಚ್ಚು.

ಬೆಳ್ಳಿ ಕಡ್ಡಿಯ ಒಂದು ತುಂಡು, ಅದಕ್ಕೆ ಹೊಂದುವ ಫ್ಲಕ್ಸ್ ನನ್ನ ಹತ್ತಿರ ಉಳಿದಿದೆ, ಕೊರಿಯರ್ ಮಾಡುತ್ತೇನೆ. ಅದಕ್ಕೆ ಮುಂಚೆ ಗಡಿಯಾರದ ತಲೆಯ ಮೇಲಿನ ಬಳೆಯ ಒಳ ಅಗಲ ಅಳೆದು ಕಳಿಸು. 3 ಮಿ.ಮೀ. ಕೊಕ್ಕೆ ಅದರಲ್ಲಿ ತೂರುತ್ತದೆಯೋ, ಇನ್ನೂ ಸಣ್ಣದು ಬೇಕೋ ನೋಡಬೇಕು. ಅತ್ತಿಗೆಗೆ ನಮಸ್ಕಾರ ಹೇಳು. ಬಾಣಲೆ ಮಾತ್ರ ಅವರನ್ನು ಕೇಳಿಯೇ ತಗೋ.

ಇಂತಿ ನಿನ್ನ,
ಭದ್ರಾವತಿಯ ಗೆಳೆಯ