ಮಿಯಾಟಾದ ಗೊರಸು

ಪ್ರೀತಿಯ ಪುಟ್ಟಿ,

ದಿನಾ ಕೆಲಸಕ್ಕೆ ಓಡಿಸೋಕೆ ಕೊಳ್ಳಲಾ ಅಂತ ಕೇಳಿ ನೀನು ಕಳಿಸಿದ ಕಾರಿನ ಫೋಟೊ ನೋಡಿದೆ. 1999ರ ಮಾಜ್ಡಾ ಮಿಯಾಟಾ, ಕೆಂಪು ಬಣ್ಣ, ಐದು ಗೇರು, ಬಟ್ಟೆಯ ಟಾಪು, 92 ಸಾವಿರ ಮೈಲಿ, 6,500 ಡಾಲರ್. ನಿಮ್ಮಪ್ಪ ನಿನ್ನೆ ರಾತ್ರಿ ಊರಿಂದ ಫೋನ್ ಮಾಡಿ, "ನೀನಾದ್ರೂ ಬುದ್ಧಿ ಹೇಳಕ್ಕ, ಇಬ್ಬರೇ ಕೂರೋ ಕಾರು ಯಾವ ಸಂಭ್ರಮಕ್ಕೆ" ಅಂತ ಅರ್ಧ ಗಂಟೆ ಕೊರೆದ. ಪಾಪ, ನನ್ನ ಹಳೇ ಕಥೆ ಅವನಿಗೆ ಮರೆತೇ ಹೋಗಿದೆ.

ಕ್ಲೀವ್‌ಲ್ಯಾಂಡಿನಲ್ಲಿ ನಾನು ಏಳು ವರ್ಷ ದಿನಾ ಕೆಲಸಕ್ಕೆ ಹೋಗಿದ್ದು ಇಂಥದ್ದರಲ್ಲೇ. 2004ರಲ್ಲಿ ಕೊಂಡಿದ್ದೆ. 1994ರ ಮಾಡೆಲ್, ದೀಪಗಳು ಕಪ್ಪೆಕಣ್ಣಿನ ಹಾಗೆ ಮೇಲೇಳುತ್ತಿದ್ದ ಹಳೇ ಆಕಾರದ್ದು. ನಿನ್ನ ಮಾವ ಮೊದಲ ದಿನ ಅದರೊಳಗೆ ಕೂತು, ಏಳಲಾರದೆ ನನ್ನ ಕೈ ಹಿಡಿದು ಎದ್ದಿದ್ದರು. ಹಾಗಾಗಿ ಮಿಯಾಟಾ ಬೇಡ ಅನ್ನುವ ಬಾಯಿ ನನಗಿಲ್ಲ. ಆದರೆ ಈ ಕೆಂಪು ಗಾಡಿಯ ಮೇಲೆ ನನಗೆ ಅನುಮಾನ ಇದೆ.

ನಿಮ್ಮ ತಾತ ಘಾಟಿ ಸುಬ್ರಹ್ಮಣ್ಯದ ದನದ ಜಾತ್ರೆಗೆ ಹೋದಾಗ ನಾನೂ ಜೊತೆಗೆ ಹೋಗುತ್ತಿದ್ದೆ. ಮಾರುವವನು ಕೊಂಬಿಗೆ ಬಣ್ಣ ಹಚ್ಚಿ, ಮೈಗೆ ಎಣ್ಣೆ ಸವರಿ ಎತ್ತು ನಿಲ್ಲಿಸಿರುತ್ತಿದ್ದ. ಅಪ್ಪ ಅದನ್ನೆಲ್ಲ ನೋಡುತ್ತಲೇ ಇರಲಿಲ್ಲ. ನೇರ ಹೋಗಿ ಬಗ್ಗಿ, ಕಾಲೆತ್ತಿ ಗೊರಸು ನೋಡೋರು. ಆಮೇಲೆ ಹಲ್ಲು, ಸುಳಿ, ಎರಡು ಸುತ್ತು ನಡಿಗೆ. ರೇಟಿನ ಮಾತು ಟವೆಲ್ಲಿನ ಕೆಳಗೆ, ಬೆರಳಲ್ಲಿ, ಎಲ್ಲಕ್ಕಿಂತ ಕೊನೆಗೆ.

ನೀನು ಕಳಿಸಿದ ಹದಿನಾಲ್ಕು ಫೋಟೊಗಳಲ್ಲಿ ಗೊರಸು ಒಂದರಲ್ಲೂ ಇಲ್ಲ.

ಈ ಕಾರಿನ ಎಂಜಿನ್ ಬಗ್ಗೆ ಅಷ್ಟು ಹೆದರಬೇಕಾಗಿಲ್ಲ. 1.8 ಲೀಟರ್, 140 ಅಶ್ವಶಕ್ತಿ, ಸರಳವಾದ್ದು. ಬಿಡಿಭಾಗ ಧಾರಾಳವಾಗಿ ಸಿಗುತ್ತದೆ. ಇದನ್ನು ತಿನ್ನುವುದು ತುಕ್ಕು. ನಮ್ಮ ಕಡೆ ಚಳಿಗಾಲದಲ್ಲಿ ಹಿಮ ಕರಗಲಿ ಅಂತ ರಸ್ತೆಗೆ ಎಷ್ಟು ಉಪ್ಪು ಸುರಿಯುತ್ತಾರೆ ಅಂತ ನೀನೇ ನೋಡಿದ್ದೀಯ. ನಿನ್ನ ಮಾಡೆಲ್‌ನಲ್ಲಿ ಎಂಜಿನ್ನಿನ ಎಡಕ್ಕೂ ಬಲಕ್ಕೂ ಪೆಟ್ಟಿಗೆಯಂಥ ಎರಡು ಕಬ್ಬಿಣದ ತೊಲೆಗಳಿವೆ. ಅವು ಒಳಗಿನಿಂದ ಕೊಳೆಯುತ್ತವೆ, ಹೊರಗೆ ಗೊತ್ತೇ ಆಗುವುದಿಲ್ಲ. ಇನ್ನೊಂದು, ಬಾಗಿಲ ಕೆಳಗಿನ ಹೊಸ್ತಿಲು. ಅದರಲ್ಲೂ ಹಿಂದಿನ ಚಕ್ರದ ಹತ್ತಿರದ ತುದಿ.

ಹೊಸ್ತಿಲು ಯಾಕೆ ಹೋಗುತ್ತದೆ ಅನ್ನುವುದನ್ನು ನಾನು ದುಡ್ಡು ಕೊಟ್ಟು ಕಲಿತೆ. ಬಟ್ಟೆ ಟಾಪಿನ ಮೇಲೆ ಬಿದ್ದ ಮಳೆನೀರು ಹಿಂದೆ ಹರಿದು, ಸೀಟ್ ಬೆಲ್ಟಿನ ಕಂಬದ ಹತ್ತಿರ ಎರಡು ಸಣ್ಣ ಕಂಡಿಗಳಲ್ಲಿ ಇಳಿದು, ಹಿಂದಿನ ಚಕ್ರದ ಮುಂದೆ ನೆಲಕ್ಕೆ ಬೀಳಬೇಕು. ಊರಿನ ತೊಟ್ಟಿಮನೆಯಲ್ಲಿ ಮಳೆಗಾಲಕ್ಕೆ ಮುಂಚೆ ಅಜ್ಜಿ ಕೋಲು ಹಾಕಿ ತೊಟ್ಟಿಯ ಕಂಡಿಯಿಂದ ಎಲೆ ಎಳೆಯುತ್ತಿದ್ದರಲ್ಲ, ಅದೇ ಕೆಲಸ ಇಲ್ಲೂ ಮಾಡಬೇಕು. ನಾನು ಮಾಡಲಿಲ್ಲ. ಮೇಪಲ್ ಮರದ ಕೆಳಗೆ ಗಾಡಿ ನಿಲ್ಲಿಸುತ್ತಿದ್ದೆ. ಒಂದು ಶರತ್ಕಾಲ ಪೂರ್ತಿ, ತಿರುವಿನಲ್ಲಿ ಎಲ್ಲೋ ನೀರು ಗುಳುಗುಳು ಅನ್ನುತ್ತಿತ್ತು. ಬಾಟಲಿ ಉರುಳಿರಬೇಕು ಅಂದುಕೊಂಡೆ, ನೋಡು ಎಂಥ ಜಾಣೆ! ಎರಡು ಚಳಿಗಾಲ ಕಳೆದ ಮೇಲೆ ಮೆಕ್ಯಾನಿಕ್ ಹೊಸ್ತಿಲಿಗೆ ಸ್ಕ್ರೂಡ್ರೈವರ್ ಒತ್ತಿದ. ನೆನೆದ ಬಿಸ್ಕತ್ತಿಗೆ ಚುಚ್ಚಿದ ಹಾಗೆ ಹಿಡಿಯವರೆಗೂ ಹೋಯಿತು. ಕಂದು ನೀರು ಅವನ ಮೊಣಕೈವರೆಗೆ ಇಳಿಯಿತು. ವೆಲ್ಡಿಂಗಿಗೆ ಕೊಟ್ಟ ದುಡ್ಡಿನಲ್ಲಿ ಆಗ ಇನ್ನೊಂದು ಹಳೇ ಕಾರೇ ಬರುತ್ತಿತ್ತು.

ಈಗ ನಿನ್ನ ಕೆಂಪು ಗಾಡಿಗೆ ಬರೋಣ. ಅದು ಇರುವುದು ನಮ್ಮ ಒಹಾಯೊದಲ್ಲಿ, ಈರಿ (Erie) ಸರೋವರದ ದಂಡೆಯ ಊರಲ್ಲಿ. ಇಲ್ಲಿ ವರ್ಷ ವರ್ಷ ಗಾಡಿಯ ಸುರಕ್ಷತೆ ತಪಾಸಣೆ ಇಲ್ಲ. ನಿಮ್ಮ ಪೆನ್ಸಿಲ್ವೇನಿಯಾದಲ್ಲಿ ಇದೆ. ತಳದಲ್ಲಿ ತೂತಿದ್ದರೆ ಪಾಸಾದ ಸ್ಟಿಕರ್ ಸಿಗುವುದಿಲ್ಲ. ಇಲ್ಲಿ ಆರಾಮಾಗಿ ಓಡುತ್ತಿದ್ದ ಕಾರು ಪಿಟ್ಸ್‌ಬರ್ಗಿಗೆ ಬಂದ ತಿಂಗಳಲ್ಲೇ ಫೇಲ್ ಆಗಬಹುದು. ಮಾರುವವನು ಅವಸರ ಮಾಡುತ್ತಿದ್ದಾನೆ ಅಂದೆಯಲ್ಲ, ಅಲ್ಲೇ ನನಗೆ ಮೂಗು ಚುರುಕಾಯಿತು.

ನೋಡಲು ಹೋಗುವಾಗ ಫ್ರಿಜ್ಜಿನ ಮೇಲಿನ ಒಂದು ಮ್ಯಾಗ್ನೆಟ್ ಕಿತ್ತುಕೊಂಡು ಹೋಗು. ತೆಳು ಬಟ್ಟೆ ಸುತ್ತಿ ಹೊಸ್ತಿಲ ಉದ್ದಕ್ಕೂ ಎಳಿ. ಎಲ್ಲಿ ಹಿಡಿಯದೆ ಜಾರುತ್ತದೋ ಅಲ್ಲಿ ಕಬ್ಬಿಣ ಇಲ್ಲ, ಪುಟ್ಟಿ ಮೆತ್ತಿ ಬಣ್ಣ ಹೊಡೆದಿದ್ದಾರೆ. (ಆ ಪುಟ್ಟಿ ಬೇರೆ, ನೀನು ಬೇರೆ.) ಟಾಪಿನ ಕಂಡಿಗೆ ಒಂದು ಲೋಟ ನೀರು ಹುಯ್ದು, ಕೆಳಗೆ ಬರುತ್ತದಾ ನೋಡು. ತಳಕ್ಕೆ ಹೊಸದಾಗಿ ಕರಿ ಬಣ್ಣ ಬಳಿದಿದ್ದರೆ ಮಾತೇ ಬೇಡ, ಥ್ಯಾಂಕ್ಸ್ ಹೇಳಿ ವಾಪಸ್ ಬಾ. ಎಲ್ಲ ಸರಿ ಕಂಡರೂ ಲಿಫ್ಟ್ ಇರುವ ಗ್ಯಾರೇಜಿನಲ್ಲಿ ಎತ್ತಿಸಿ ನೋಡಿಸು. ಅದಕ್ಕೆ ಮಾರುವವನು ಒಪ್ಪದಿದ್ದರೆ ಅಲ್ಲಿಗೆ ಬಿಡು.

ಉಳಿದದ್ದು ಸಣ್ಣ ಪುಟ್ಟದ್ದು. ಎಂಜಿನ್ನಿನ ಟೈಮಿಂಗ್ ಬೆಲ್ಟ್ ಅನ್ನುವ ರಬ್ಬರ್ ಪಟ್ಟಿಯನ್ನು 60 ಸಾವಿರ ಮೈಲಿಗೊಮ್ಮೆ ಬದಲಿಸುತ್ತಾರೆ, ಬದಲಿಸಿದ್ದರ ಬಿಲ್ ಕೇಳು. ಬಿಲ್ ಇಲ್ಲ ಅಂದರೆ ಆಗಿಲ್ಲ ಅಂತಲೇ ಲೆಕ್ಕ. ಬೆಲ್ಟ್ ತೆಗೆದಾಗ ವಾಟರ್ ಪಂಪನ್ನೂ ಹಾಕಿಸಿಬಿಡು. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತದೆ. 2316 ಅಂದರೆ 2016ನೇ ಇಸವಿಯ 23ನೇ ವಾರ. ನೋಡಲು ಹೊಸದಿದ್ದರೂ ಹತ್ತು ವರ್ಷದ ರಬ್ಬರ್ ಮಳೆಯಲ್ಲಿ ಜಾರುತ್ತದೆ. ಇನ್ನು ಕ್ಲಚ್: ಪೆಡಲ್ ಕೆಳಗಿನ ಒತ್ತಡವನ್ನು ಗೇರ್‌ಬಾಕ್ಸಿಗೆ ಮುಟ್ಟಿಸುವ ಸಣ್ಣ ಸಿಲಿಂಡರ್ ಒಂದಿದೆ. ಈ ಕಾರುಗಳಲ್ಲಿ ಅದು ಸೋರುವುದು ಮಾಮೂಲು. ಒಂದು ಬೆಳಿಗ್ಗೆ ಪೆಡಲ್ ಸುಮ್ನೆ ನೆಲಕ್ಕೆ ಕೂತುಬಿಡುತ್ತದೆ. ಖರ್ಚು ಕಡಿಮೆ, ಆದರೆ ಅವತ್ತು ಆಫೀಸ್ ಇಲ್ಲ. ಕ್ಲಚ್ಚಿಗೂ ಹಾಕುವುದು ಬ್ರೇಕ್ ಫ್ಲೂಯಿಡ್ಡೇ, ಒಂದು ಬಾಟಲಿ ಡಿಕ್ಕಿಯಲ್ಲಿ ಇಟ್ಟಿರು. ಡಿಕ್ಕಿಯಲ್ಲಿ ಜಾಗ ಎಲ್ಲಿ ಅಂತ ಕೇಳಬೇಡ, ಬ್ಯಾಟರಿಯೂ ಅಲ್ಲೇ ಕೂತಿದೆ. 20 ಪೌಂಡಿನ ಸೋನಾ ಮಸೂರಿ ಮೂಟೆ ಹಾಕಿದರೆ ತರಕಾರಿ ಪಕ್ಕದ ಸೀಟಿಗೆ. ನಾನು ಅಕ್ಕಿ ಮೂಟೆಗೆ ಸೀಟ್ ಬೆಲ್ಟ್ ಹಾಕಿ ತಂದವಳು.

ಇನ್ಶೂರೆನ್ಸ್ ವಿಷಯದಲ್ಲಿ ಮೋಸ ಹೋಗಬೇಡ. ಹಳೇ ಕಾರಿನ 'ಕ್ಲಾಸಿಕ್' ಪಾಲಿಸಿ ಅಗ್ಗ ಅಂತ ಕಾಣುತ್ತದೆ. ಆದರೆ ಸಾಮಾನ್ಯವಾಗಿ ದಿನಾ ಕೆಲಸಕ್ಕೆ ಓಡಿಸುವ ಗಾಡಿಗೆ ಅದು ನಡೆಯುವುದಿಲ್ಲ. ನೀನು ಮಾಮೂಲಿ ಪಾಲಿಸಿಯನ್ನೇ ತಗೋಬೇಕು.

ಒಂದು ವಿಷಯ ಮಾತ್ರ ನಿಮ್ಮಪ್ಪನ ಪರವಾಗಿ ಹೇಳುತ್ತೇನೆ. ಇದರಲ್ಲಿ ಎರಡು ಏರ್‌ಬ್ಯಾಗ್ ಇದೆ, ಅಷ್ಟೇ. ಜಾರಿದಾಗ ತಾನೇ ಹಿಡಿದು ನಿಲ್ಲಿಸುವ ಸ್ಟೆಬಿಲಿಟಿ ಕಂಟ್ರೋಲ್ ಇಲ್ಲ. ಅಮೆರಿಕದಲ್ಲಿ ಅದು ಎಲ್ಲ ಹೊಸ ಕಾರಿಗೂ ಕಡ್ಡಾಯ ಆಗಿದ್ದೇ 2012ರ ಮಾಡೆಲ್‌ನಿಂದ. ಗಾಡಿ ತಳ್ಳುವುದು ಹಿಂದಿನ ಚಕ್ರ, ತೂಕ ಒಂದು ಟನ್ನಿನ ಆಸುಪಾಸು, ಮತ್ತು ನಿಮ್ಮೂರೆಲ್ಲ ಏರು ಇಳಿತ. ಪೆನ್ ಹಿಲ್ಸ್ ವೆಂಕಟೇಶ್ವರ ದೇವಸ್ಥಾನದ ಏರನ್ನೇ ಜನವರಿಯಲ್ಲಿ ನೆನೆಸಿಕೋ. ನಾಲ್ಕು ಸ್ನೋ ಟೈರ್ ಖರ್ಚನ್ನು ಕಾರಿನ ಬೆಲೆಗೇ ಸೇರಿಸು. ಹಿಮ ಜೋರಾದ ದಿನ ಬಸ್ಸಿಗೆ ಹೋಗು, ನಾನೂ ಹಾಗೇ ಮಾಡುತ್ತಿದ್ದೆ. ಕೈಯಲ್ಲಿರುವ ದುಡ್ಡನ್ನೆಲ್ಲ ಸುರಿದು ಕೊಳ್ಳಬೇಡ. ಮೊದಲ ವರ್ಷದ ರಿಪೇರಿಗೆ ಅಂತ 1,500 ಡಾಲರ್ ಮುಟ್ಟದೆ ಇಟ್ಟಿರು.

ನನ್ನ ಮನಸ್ಸಲ್ಲಿ ಇರುವುದು ಇಷ್ಟು: ರಸ್ತೆಗೆ ಅಷ್ಟಾಗಿ ಉಪ್ಪು ಸುರಿಯದ ದಕ್ಷಿಣದ ರಾಜ್ಯಗಳಲ್ಲೇ ಓಡಿದ ಗಾಡಿ ಹುಡುಕು. ನಾರ್ತ್ ಕೆರೊಲೈನಾ, ಜಾರ್ಜಿಯಾ, ಟೆನೆಸಿ. ಬಣ್ಣ ಬಿಸಿಲಿಗೆ ಮಂಕಾಗಿರಲಿ, ಸೀಟು ಹರಿದಿರಲಿ, ಮೈಲಿ ಇನ್ನೂ 30 ಸಾವಿರ ಜಾಸ್ತಿ ಇರಲಿ, ಸಾವಿರ ಡಾಲರ್ ಹೆಚ್ಚೇ ಕೇಳಲಿ. ತಳ ಒಣಗಿದ್ದರೆ ಸಾಕು. ಸೀಟಿಗೆ ಕವರ್ ನಾನೇ ಹೊಲಿದುಕೊಡುತ್ತೇನೆ.

ಆ ಕೆಂಪು ಗಾಡಿಯನ್ನು ನೋಡಲೇಬೇಕು ಅಂತ ಹಟ ಇದ್ದರೆ ಶನಿವಾರ ಇಟ್ಟುಕೋ. ನನಗೆ ಮುಕ್ಕಾಲು ಗಂಟೆ ದಾರಿ ಅಷ್ಟೇ. ಹಳೇ ಚಾಪೆ, ಟಾರ್ಚು, ಮ್ಯಾಗ್ನೆಟ್ ನಾನು ತರುತ್ತೇನೆ. ನೀನು ಒಳ್ಳೇ ಬಟ್ಟೆ ಹಾಕಿಕೊಂಡು ಬರಬೇಡ, ಕೆಳಗೆ ತೂರಬೇಕಾಗುತ್ತದೆ. ಮಾವ ಬುತ್ತಿಗೆ ಚಿತ್ರಾನ್ನ ಮಾಡುತ್ತಾರಂತೆ.

ನಿನ್ನ ಅತ್ತೆ